ಹಣ್ಣಿನ ರಸಕ್ಕೆ ಗ್ಯಾಸ್ ಸೇರಿಸುವ ಮುನ್ನ

ಪುನರ್ಪುಳಿ, ನಿಂಬೆ, ಶುಂಠಿ, ಪುದೀನಗಳ ಷರಬತ್ತಿಗೆ ಸೋಡಾ ಬೆರೆಸಿ ಕುಡಿಯುವ ರೂಢಿ ನಮ್ಮಲ್ಲಿ ಗೋಲಿಸೋಡಾದ ಕಾಲದಿಂದಲೂ ಇದೆ. ಈಚೆಗೆ ಅದಕ್ಕೆ ಮಾಕ್‌ಟೇಲ್ ಎಂಬ ಹೆಸರು ಬಂದಿದೆ; ಹೆಸರಿನೊಡನೆ ಬೆಲೆಯೂ ಏರಿದೆ. ಬೇಸಿಗೆಯ ಮೂರು ತಿಂಗಳ ಮಟ್ಟಿಗೆ ಇಂಥ ಪಾನೀಯವನ್ನು ಬಾಟಲಿಗೆ ತುಂಬಿ ಮಾರಬೇಕೆಂದಿರುವ ಉದ್ಯಮಿಗಳು ಯಂತ್ರೋಪಕರಣ ಕೊಳ್ಳುವ ಮೊದಲೇ ತಿಳಿದಿರಬೇಕಾದ ಸಂಗತಿಯೊಂದಿದೆ. ಹಣ್ಣಿನ ರಸದ ಪಾನೀಯಕ್ಕೆ ಜಿಎಸ್‌ಟಿ ಶೇ. 5. ಸಕ್ಕರೆಯಾಗಲಿ ಸುವಾಸನೆಯಾಗಲಿ ಇಲ್ಲದ ಬರಿಯ ಸೋಡಾಕ್ಕೂ ಶೇ. 5. ಇವೆರಡನ್ನೂ ಒಂದೇ ಬಾಟಲಿಯಲ್ಲಿ ಕೂಡಿಸಿದರೆ ಶೇ. 40.

ತೆರಿಗೆಯ ವಿಚಾರಕ್ಕೆ ಮೊದಲು ತಯಾರಿಕೆಯನ್ನು ನೋಡೋಣ. 100 ಗ್ರಾಂ ಪುನರ್ಪುಳಿಯ ಒಣಸಿಪ್ಪೆಯನ್ನು 600 ಮಿಲಿಲೀಟರ್ ನೀರಿನಲ್ಲಿ ಮೂರು ನಾಲ್ಕು ಗಂಟೆ ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸಬೇಕು. ಆ ರಸಕ್ಕೆ 700 ಗ್ರಾಂ ಸಕ್ಕರೆ ಮತ್ತು ಜಜ್ಜಿದ ಶುಂಠಿಯ ಒಂದು ತುಂಡು ಸೇರಿಸಿ ಕುದಿಸಿ ಇಳಿಸಬೇಕು. ಪುದೀನವನ್ನು ಹಾಕಬೇಕಾದುದು ಒಲೆಯಿಂದ ಇಳಿಸಿದ ನಂತರ. ಹತ್ತು ನಿಮಿಷ ಬಿಟ್ಟು ತೆಗೆದರೆ ಸಾಕು. ಸೊಪ್ಪನ್ನು ಅರೆದರೆ ಕಹಿ ಇಳಿಯುತ್ತದೆ. ಹುಳಿಯಲ್ಲಿ ಅದರ ಹಸಿರೂ ಕಂದುತ್ತದೆ. ಹೀಗೆ ದೊರೆಯುವ ಸುಮಾರು ಒಂದು ಲೀಟರ್ ಪಾಕದಲ್ಲಿ, ಲೋಟವೊಂದಕ್ಕೆ 50 ಮಿಲಿಲೀಟರ್ ಪಾಕ, 200 ಮಿಲಿಲೀಟರ್ ಸೋಡಾ ಎಂದು ಲೆಕ್ಕ ಹಿಡಿದರೆ, ಇಪ್ಪತ್ತು ಲೋಟಗಳಾಗುತ್ತವೆ.

ಪಾಕವೂ ಸೋಡಾವೂ ಚೆನ್ನಾಗಿ ತಣ್ಣಗಿರಬೇಕು. ಒಂದು ಲೀಟರ್ ನೀರು ಸಾಮಾನ್ಯ ಒತ್ತಡದಲ್ಲಿ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 3.3 ಗ್ರಾಂ ಇಂಗಾಲದ ಡೈಆಕ್ಸೈಡನ್ನು ಹಿಡಿದಿಟ್ಟುಕೊಂಡರೆ, 20 ಡಿಗ್ರಿಯಲ್ಲಿ ಹಿಡಿಯುವುದು ಅದರ ಅರ್ಧದಷ್ಟು ಮಾತ್ರ. ತಿರುಳು ಉಳಿದಿದ್ದರೆ ಅದರ ಕಣಗಳ ಮೇಲೆ ಗುಳ್ಳೆ ಕಟ್ಟಿ ಗ್ಯಾಸ್ ಬೇಗನೆ ಹೊರಬೀಳುತ್ತದೆ. ಎಚ್ಚರಿಕೆಯಿಂದ ಸೋಸಬೇಕಾದುದು ಇದಕ್ಕಾಗಿಯೇ. ಸೋಡಾವನ್ನು ಕಡೆಯಲ್ಲಿ, ಲೋಟದ ಅಂಚಿನಿಂದ ನಿಧಾನವಾಗಿ ಸುರಿಯತಕ್ಕದ್ದು.

ಇನ್ನು ತೆರಿಗೆ. ಗ್ಯಾಸ್ ಸೇರಿದ ಹಣ್ಣಿನ ಪಾನೀಯ ಹಣ್ಣಿನದೋ ಸೋಡಾದ್ದೋ ಎಂಬ ವಿವಾದ ಹಳೆಯದು. ಕೇರಳದ ಮೌಲ್ಯವರ್ಧಿತ ತೆರಿಗೆಯಡಿ 'ಆಪಿ ಫಿಜ್' ಪಾನೀಯಕ್ಕೆ ಶೇ. 20ರ ದರವೋ ಶೇ. 12.5ರ ದರವೋ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2017ರ ಮೇ ತಿಂಗಳಲ್ಲಿ ನ್ಯಾಯಾಲಯವು ಅದನ್ನು ಹಣ್ಣಿನ ರಸ ಆಧಾರಿತ ಪಾನೀಯವೆಂದು ಪರಿಗಣಿಸಿ ತಯಾರಕರಾದ ಪಾರ್ಲೆ ಆಗ್ರೋ ಪರವಾಗಿ ತೀರ್ಪಿತ್ತಿತು. ಎರಡು ತಿಂಗಳೊಳಗೆ ಜಿಎಸ್‌ಟಿ ಜಾರಿಗೆ ಬಂದು, ಅದೇ ಜಗಳ ಹೊಸ ಕಾನೂನಿನಡಿ ಮತ್ತೆ ತಲೆಯೆತ್ತಿತು. ಲಖನೌದಲ್ಲಿ ಸೇರಿದ ಜಿಎಸ್‌ಟಿ ಮಂಡಳಿಯ 45ನೆಯ ಸಭೆಯ ಶಿಫಾರಸಿನಂತೆ, 2021ರ ಅಕ್ಟೋಬರ್ 1ರಿಂದ ಗ್ಯಾಸ್ ಸೇರಿದ ಹಣ್ಣಿನ ಪಾನೀಯಗಳಿಗೆ ಶೇ. 28 ತೆರಿಗೆ, ಅದರ ಮೇಲೆ ಶೇ. 12 ಪರಿಹಾರ ಸೆಸ್ ಎಂದು ಪ್ರತ್ಯೇಕವಾಗಿಯೇ ಬರೆಯಲಾಯಿತು.

2025ರ ಸೆಪ್ಟೆಂಬರ್ 22ರಂದು ಸೆಸ್ ಹೋಗಿ ಒಂದೇ ದರವಾಗಿ ಶೇ. 40 ಬಂದಿತು. ಒಟ್ಟು ಭಾರ ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ಬದಲಾದುದು ಎದುರಿನ ತಕ್ಕಡಿ: ಗ್ಯಾಸ್ ಇಲ್ಲದ ಹಣ್ಣಿನ ರಸದ ಪಾನೀಯಗಳ ದರ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. 20 ರೂಪಾಯಿ ಎಂ.ಆರ್.ಪಿ.ಯ ಬಾಟಲಿಯನ್ನೇ ತೆಗೆದುಕೊಳ್ಳಿ. ಶೇ. 5ರಲ್ಲಿ ಅದರೊಳಗಿನ ತೆರಿಗೆ 95 ಪೈಸೆ, ಶೇ. 40ರಲ್ಲಿ 5 ರೂಪಾಯಿ 71 ಪೈಸೆ. ಬಾಟಲಿಯೊಂದಕ್ಕೆ 4 ರೂಪಾಯಿ 76 ಪೈಸೆಯ ಈ ಅಂತರವನ್ನು ಸಣ್ಣ ತಯಾರಕನು ಲಾಭದಿಂದ ಭರಿಸಲಾರ. ಬೆಲೆ ಏರಿಸಿದರೆ ದೊಡ್ಡ ಕಂಪನಿಗಳ ಬಾಟಲಿ ಪಕ್ಕದಲ್ಲೇ ಇರುತ್ತದೆ. ಹಣ್ಣಿನ ರಸವಿಲ್ಲದೆ ಬರಿಯ ಎಸೆನ್ಸ್ ಬೆರೆಸಿದ ಸಿಹಿನೀರಿಗೆ ಗ್ಯಾಸ್ ಇರಲಿ ಬಿಡಲಿ ಶೇ. 40ರ ದರವೇ ಎಂಬುದನ್ನೂ ಮರೆಯಬಾರದು.

ಆದ್ದರಿಂದ ಮಿಶ್ರಣ ಎಲ್ಲಿ ನಡೆಯಬೇಕೆಂಬುದೇ ಇಲ್ಲಿ ವ್ಯಾಪಾರದ ಪ್ರಶ್ನೆ. ಕಾರ್ಖಾನೆಯಲ್ಲಿ ನಡೆದರೆ ಫಲ ಮೇಲೆ ಹೇಳಿದಂತೆ. ಗಿರಾಕಿಯ ಮನೆಯಲ್ಲಿ ನಡೆಯುವುದಾದರೆ ನೀವು ಮಾರುವುದು ಪಾಕವನ್ನು ಮಾತ್ರ. ಷರಬತ್ತಿನ ಪಾಕ 2106ನೆಯ ಶೀರ್ಷಿಕೆಯ ಆಹಾರ ತಯಾರಿಕೆಗಳ ಸಾಲಿಗೆ ಸೇರುತ್ತದೆ. ಅದರ ದರವೂ 2025ರ ಸೆಪ್ಟೆಂಬರಿನಲ್ಲಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಒಂದು ಲೀಟರ್ ಪಾಕ ಸಾಗಿಸಿದರೆ ಇಪ್ಪತ್ತು ಲೋಟದ ಸರಕು ಸಾಗಿಸಿದಂತೆ. ನೀರಿಗೆ ಲಾರಿ ಬಾಡಿಗೆ ಕೊಡುವುದು ತಪ್ಪುತ್ತದೆ. ನನ್ನ ಮಟ್ಟಿಗೆ ಸಣ್ಣ ಉದ್ಯಮಿಗೆ ಒಪ್ಪುವ ದಾರಿ ಇದೇ. ಪಾಕದ ಸೀಸೆ, ಸೋಡಾ ಬಾಟಲಿಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರಬಹುದೇ ಎಂದು ಕೆಲವರು ಕೇಳುತ್ತಾರೆ. ಮಿಶ್ರ ಪೂರೈಕೆಗೆ ಅದರೊಳಗಿನ ಸರಕುಗಳಲ್ಲಿ ಅತಿ ಹೆಚ್ಚಿನ ದರ ಅನ್ವಯಿಸುತ್ತದೆ. ಇಲ್ಲಿ ಎರಡರದೂ ಶೇ. 5. ಆದರೂ ಪೆಟ್ಟಿಗೆಯ ಮೇಲೆ ತಂಪು ಪಾನೀಯದ ಹೆಸರು ಬರೆದು ಅಧಿಕಾರಿಗಳನ್ನು ಚರ್ಚೆಗೆ ಆಹ್ವಾನಿಸುವುದು ಜಾಣತನವಲ್ಲ. ಬೇರೆ ಬೇರೆ ಸಾಲು, ಬೇರೆ ಬೇರೆ ಬೆಲೆ ನಮೂದಿಸಿ ಬಿಲ್ ಮಾಡುವುದು ಕ್ಷೇಮ.

ಮಿಶ್ರಣ ಹೋಟೆಲಿನ ಲೋಟದಲ್ಲಿ ನಡೆದರೆ ಅದು ಸರಕಿನ ಮಾರಾಟವೇ ಅಲ್ಲ, ರೆಸ್ಟೋರೆಂಟ್ ಸೇವೆ. ಸಾಮಾನ್ಯ ಹೋಟೆಲುಗಳಲ್ಲಿ ಹೂಡುವಳಿ ತೆರಿಗೆ ಜಮೆಯಿಲ್ಲದೆ ಶೇ. 5. ಆದರೆ ಅಡುಗೆ ಕೆಲಸ ಅಲ್ಲಿಯೇ ನಡೆಯಬೇಕು. ಮೊದಲೇ ತಯಾರಾದ ಐಸ್‌ಕ್ರೀಮನ್ನು ಮಾರುವ ಪಾರ್ಲರುಗಳು ರೆಸ್ಟೋರೆಂಟ್ ಅಲ್ಲವೆಂದು 2021ರ ಅಕ್ಟೋಬರ್ 6ರ ಸುತ್ತೋಲೆ ಹೇಳಿರುವುದನ್ನು ಬಾಟಲಿ ಇಟ್ಟು ಮಾರುವ ಜ್ಯೂಸ್ ಅಂಗಡಿಯವರು ಗಮನಿಸಬೇಕು. ಲೋಟಕ್ಕೆ ಮದ್ಯ ಬಿದ್ದರೆ ಜಿಎಸ್‌ಟಿಯ ಗಡಿಯೇ ಮುಗಿದು ರಾಜ್ಯದ ಅಬಕಾರಿ ಕಾನೂನು ಬರುತ್ತದೆ. ಅದು ಬೇರೆಯೇ ವಿಷಯ.

ಪಾಕ ಅಥವಾ ಗ್ಯಾಸ್ ಇಲ್ಲದ ಪಾನೀಯ ತಯಾರಿಸುವವರಿಗೆ ಲೆಕ್ಕದಲ್ಲಿ ಒಂದು ತೊಡಕಿದೆ. ಸೀಸೆ, ಮುಚ್ಚಳಗಳಿಗೆ ಕೊಟ್ಟ ತೆರಿಗೆ ಶೇ. 18, ವಸೂಲಾಗುವುದು ಶೇ. 5. ಹೀಗಾಗಿ ಜಮೆ ಖಾತೆಯಲ್ಲಿ ಹಣ ಕೂಡುತ್ತಾ ಹೋಗುತ್ತದೆ. ಕೇಂದ್ರ ಜಿಎಸ್‌ಟಿ ಕಾಯಿದೆಯ 54(3)ನೆಯ ಕಲಮಿನಡಿ ಇದರ ಮರುಪಾವತಿ ಕೇಳಬಹುದು. ಸರಕುಗಳ ಮೇಲಿನ ಜಮೆಗೆ ಮಾತ್ರ ಈ ಸೌಲಭ್ಯ. ಯಂತ್ರಗಳ ಮೇಲೂ ಬಾಡಿಗೆ, ಸಾಗಣೆಯಂಥ ಸೇವೆಗಳ ಮೇಲೂ ಕೊಟ್ಟ ತೆರಿಗೆ ಇದರಲ್ಲಿ ಬರುವುದಿಲ್ಲ. ಅರ್ಜಿಗೆ ಎರಡು ವರ್ಷದ ಗಡುವಿದೆ. ಬೇಸಿಗೆಯ ವ್ಯಾಪಾರ ಮುಗಿಯುತ್ತಲೇ, ಮಳೆಗಾಲದ ಬಿಡುವಿನಲ್ಲಿ, ಸೀಸೆಯ ಬಿಲ್ಲುಗಳನ್ನು ಪ್ರತ್ಯೇಕಿಸಿ ಅರ್ಜಿ ಸಲ್ಲಿಸಿದರೆ ಮುಂದಿನ ಹಂಗಾಮಿನ ಸಿಪ್ಪೆ ಖರೀದಿಗೆ ಆ ಹಣ ಕೈಗೆ ಒದಗೀತು.