ಒಂದೇ ಕಥೆ, ಎರಡು ಸಿನಿಮಾ: ಐಡಿಯಾ ಯಾರದು?

2019ರ ನವೆಂಬರ್ 1ರಂದು ‘ಉಜ್ಡಾ ಚಮನ್’ ಎಂಬ ಹಿಂದಿ ಸಿನಿಮಾ ಬಿಡುಗಡೆಯಾಯಿತು. ನಾಯಕನಿಗೆ ಮದುವೆ ವಯಸ್ಸು, ಆದರೆ ತಲೆಯಲ್ಲಿ ಕೂದಲಿಲ್ಲ, ಅದಕ್ಕೇ ಹೆಣ್ಣು ಸಿಗುತ್ತಿಲ್ಲ. ಮುಂದಿನ ವಾರವೇ ‘ಬಾಲಾ’ ಎಂಬ ಇನ್ನೊಂದು ಹಿಂದಿ ಸಿನಿಮಾ ಬಂತು. ಅಲ್ಲೂ ನಾಯಕನಿಗೆ ಮದುವೆ ವಯಸ್ಸು, ಅಲ್ಲೂ ಕೂದಲಿಲ್ಲ. ಆಗ ನಾನು ಇನ್ನೂ ಚಿಕ್ಕ ತರಗತಿಯಲ್ಲಿದ್ದೆ. ಎರಡನ್ನೂ ನೋಡಿದ್ದು ಆಮೇಲೆ, ಮನೆಯಲ್ಲಿ. ಎರಡನೆಯದು ಅರ್ಧ ಆಗುವ ಹೊತ್ತಿಗೆ ಅಮ್ಮಿ, “ದೋನೋ ಏಕಿಚ್ ಪಿಚ್ಚರ್ ಹೈ ನಾ?” ಎಂದು ಕೇಳಿದರು. ಎರಡೂ ಒಂದೇ ಸಿನಿಮಾ ಅಲ್ವಾ, ಅಂತ.

ಹೆಸರುಗಳಲ್ಲೂ ಒಂದೇ ತಮಾಷೆ ಇದೆ. ಉರ್ದುವಿನಲ್ಲಿ ಚಮನ್ ಎಂದರೆ ಹೂದೋಟ, ಉಜ್ಡಾ ಚಮನ್ ಎಂದರೆ ಹಾಳುಬಿದ್ದ ತೋಟ. ಆ ಸಿನಿಮಾದ ನಾಯಕನ ಹೆಸರೂ ಚಮನ್. ಇನ್ನೊಂದರಲ್ಲಿ ಬಾಲಮುಕುಂದ್ ಎಂಬ ಹೆಸರು ಬಾಲಾ ಆಗಿದೆ, ಬಾಲ್ ಎಂದರೆ ಕೂದಲು. ಹಾಗಾದರೆ ಯಾರು ಯಾರನ್ನು ನೋಡಿ ಮಾಡಿದರು? ಇದು ಕಳ್ಳತನವೇ, ಕಾಕತಾಳೀಯವೇ? ಈ ಪ್ರಶ್ನೆಯ ಹಿಂದೆ ಹೋದರೆ ಮಂಗಳೂರು ಸಿಗುತ್ತದೆ, ಸುಪ್ರೀಂ ಕೋರ್ಟ್ ಸಿಗುತ್ತದೆ, ನಾವು ತರಗತಿಯಲ್ಲಿ ಓದುವ ಅರ್ಥಶಾಸ್ತ್ರವೂ ಸಿಗುತ್ತದೆ.

ಶುರುವಾದದ್ದು ಮಂಗಳೂರಿನಲ್ಲಿ

‘ಉಜ್ಡಾ ಚಮನ್’ ನಮ್ಮ ಕನ್ನಡದ ‘ಒಂದು ಮೊಟ್ಟೆಯ ಕಥೆ’ಯ ರೀಮೇಕ್. ಕನ್ನಡ ಸಿನಿಮಾ ಬಂದದ್ದು 2017ರ ಜುಲೈನಲ್ಲಿ. ರಾಜ್ ಬಿ. ಶೆಟ್ಟಿ ಅವರು ನಿರ್ದೇಶಿಸಿದ ಮೊದಲ ಸಿನಿಮಾ ಅದು, ನಾಯಕನೂ ಅವರೇ. ಜನಾರ್ದನ ಮಂಗಳೂರಿನ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕ, ಡಾ. ರಾಜ್‌ಕುಮಾರ್ ಅವರ ಅಭಿಮಾನಿ. ತಲೆ ಮೊಟ್ಟೆಯ ಹಾಗಿದೆ ಎಂದು ಎಲ್ಲರೂ ನಗುತ್ತಾರೆ. ಆದರೆ ದಪ್ಪಗಿರುವ ಒಬ್ಬಳು ಹುಡುಗಿ ಎದುರಾದಾಗ ಅವನೂ ಅವಳ ರೂಪವನ್ನೇ ಅಳೆಯುತ್ತಾನೆ. ನನ್ನ ಪ್ರಕಾರ ಕಥೆಯ ಜೀವ ಇರುವುದು ಅಲ್ಲೇ. ನೋವು ತಿಂದವನು ಇನ್ನೊಬ್ಬರಿಗೆ ನೋವು ಕೊಡುವುದಿಲ್ಲ ಎಂದು ಹೇಳಲಾಗದು.

ದೊಡ್ಡ ತಾರೆಯರಿಲ್ಲದ ಈ ಸಿನಿಮಾ ಬೇರೆ ಭಾಷೆಯವರ ಕಣ್ಣಿಗೂ ಬಿತ್ತು. 2019ರ ಜೂನ್‌ನಲ್ಲಿ ಅದರಿಂದ ಸ್ಫೂರ್ತಿ ಪಡೆದ ‘ತಮಾಶ’ ಮಲಯಾಳಂನಲ್ಲಿ ಬಂತು. ಅಲ್ಲಿ ನಾಯಕ ಮಲಯಾಳಂ ಉಪನ್ಯಾಸಕ. ಹಿಂದಿಯಲ್ಲಿ ಅಭಿಷೇಕ್ ಪಾಠಕ್ ನಿರ್ದೇಶನ ಮಾಡಿದರು, ಸನ್ನಿ ಸಿಂಗ್ ದೆಹಲಿಯ ಹಿಂದಿ ಉಪನ್ಯಾಸಕನಾದರು.

‘ಬಾಲಾ’ ತಂಡ ಬೇರೆ. ನಿರ್ದೇಶಕ ಅಮರ್ ಕೌಶಿಕ್, ನಾಯಕ ಆಯುಷ್ಮಾನ್ ಖುರಾನಾ, ಊರು ಕಾನ್ಪುರ. ಬಾಲಾ ಮುಖ ಬೆಳ್ಳಗಾಗುವ ಕ್ರೀಮ್ ಮಾರುವ ಕಂಪನಿಯ ಕೆಲಸಗಾರ. ವಿಗ್ ಹಾಕಿಕೊಂಡು, ವಿಷಯ ಮುಚ್ಚಿಟ್ಟು ಮದುವೆಯಾಗುತ್ತಾನೆ. ಅವನನ್ನು ಚಿಕ್ಕಂದಿನಿಂದ ಬಲ್ಲ ವಕೀಲೆಯೊಬ್ಬಳು ಮೈಬಣ್ಣದ ಕಾರಣಕ್ಕೆ ಮಾತು ಕೇಳಿಸಿಕೊಂಡು ಬೆಳೆದವಳು. ಹೀಗೆ ಕೂದಲಿನ ಕಥೆಗೆ ಬಣ್ಣದ ಕಥೆಯೂ ಸೇರಿತು.

ಎರಡೂ ತಯಾರಾಗುತ್ತಿವೆ ಎಂದು ಗೊತ್ತಾದ ಮೇಲೆ ಜಗಳ ಶುರುವಾಯಿತು. ‘ಉಜ್ಡಾ ಚಮನ್’ ತಂಡ ಎರಡರ ನಡುವೆ ಬಹಳ ಹೋಲಿಕೆ ಇದೆ ಎಂದು ಆಕ್ಷೇಪ ಎತ್ತಿತು, ಕಾನೂನು ಕ್ರಮದ ಮಾತೂ ಬಂತು. ಜೊತೆಗೆ ದಿನಾಂಕದ ಓಟ. ನವೆಂಬರ್ 22ಕ್ಕೆ ಇದ್ದ ‘ಬಾಲಾ’ ತಿಂಗಳ ಮೊದಲ ಭಾಗಕ್ಕೆ ಬಂತು. ನವೆಂಬರ್ 8ಕ್ಕೆ ಇದ್ದ ‘ಉಜ್ಡಾ ಚಮನ್’ ಅದಕ್ಕಿಂತ ಮೊದಲೇ ಬರಲು 1ನೇ ತಾರೀಖಿಗೆ ಜಿಗಿಯಿತು.

ದಿನಾಂಕಕ್ಕೆ ಇಷ್ಟು ಓಟ ಏಕೆ?

ಬದಲಿ ಸರಕುಗಳ ಪಾಠ ನೆನಪಿಸಿಕೊಳ್ಳಿ. ಚಹಾ ಕುಡಿದವರು ಆಗಲೇ ಕಾಫಿಯನ್ನೂ ಕುಡಿಯುವುದಿಲ್ಲ. ಒಂದೇ ಕಥೆಯ ಎರಡು ಸಿನಿಮಾಗಳೂ ಹಾಗೆಯೇ. ನಾಯಂಡಹಳ್ಳಿಯಿಂದ ಐದು ಜನರ ಒಂದು ಕುಟುಂಬ ಮೆಟ್ರೊ ಹತ್ತಿ ಮೆಜೆಸ್ಟಿಕ್‌ಗೆ ಸಿನಿಮಾಕ್ಕೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ಟಿಕೆಟ್ 200 ರೂಪಾಯಿ ಎಂದರೂ 1000 ರೂಪಾಯಿ ಆಯಿತು, ತಿಂಡಿ ಬೇರೆ. ಈ ವಾರ ಬೋಳು ತಲೆಯ ಹುಡುಗನ ಮದುವೆ ನೋಡಿದವರು ಮುಂದಿನ ವಾರ ಮತ್ತೆ ಅದನ್ನೇ ನೋಡಲು 1000 ರೂಪಾಯಿ ತೆಗೆಯುವುದಿಲ್ಲ. ಅದಕ್ಕೇ ಮೊದಲು ಬಂದವರಿಗೆ ಲಾಭ ಎಂಬ ಲೆಕ್ಕ.

ಆದರೆ ನಡೆದದ್ದು ಬೇರೆ. ‘ಬಾಲಾ’ ಭಾರತದಲ್ಲೇ 100 ಕೋಟಿ ರೂಪಾಯಿ ದಾಟಿತು. ಮೊದಲು ಬಂದ ‘ಉಜ್ಡಾ ಚಮನ್’ ಅದರ ಹತ್ತಿರಕ್ಕೂ ಹೋಗಲಿಲ್ಲ. ಅಮೆರಿಕದಲ್ಲೂ 1998ರಲ್ಲಿ ಇಂಥ ಎರಡು ಜೋಡಿ ಬಂದಿದ್ದವು. ಭೂಮಿಗೆ ಆಕಾಶದಿಂದ ಬಂಡೆ ಬಡಿಯುವ ಕಥೆಯ ‘ಡೀಪ್ ಇಂಪ್ಯಾಕ್ಟ್’ ಮೇ ತಿಂಗಳಲ್ಲಿ ಬಂತು, ‘ಆರ್ಮಗೆಡನ್’ ಜುಲೈನಲ್ಲಿ. ಮೊದಲನೆಯದು ಜಗತ್ತಿನಾದ್ಯಂತ ಸುಮಾರು 35 ಕೋಟಿ ಡಾಲರ್ ಗಳಿಸಿದರೆ ಎರಡನೆಯದು ಸುಮಾರು 55 ಕೋಟಿ. ಇರುವೆಗಳ ಕಥೆಯ ‘ಆಂಟ್ಜ್’ ತನ್ನ ದಿನಾಂಕವನ್ನು ಹಿಂದಕ್ಕೆ ತಂದು ಅಕ್ಟೋಬರ್‌ನಲ್ಲಿ ಬಂತು, ‘ಎ ಬಗ್ಸ್ ಲೈಫ್’ ನವೆಂಬರ್‌ನಲ್ಲಿ. ಅಲ್ಲೂ ತಡವಾಗಿ ಬಂದದ್ದೇ ಎರಡು ಪಟ್ಟು ಗಳಿಸಿತು. ತಡವಾಗಿ ಬಂದರೆ ಗೆಲುವು ಎಂದು ಇದರ ಅರ್ಥವಲ್ಲ. ಮೊದಲು ಬಂದದ್ದರಿಂದಲೇ ಗೆಲುವು ಬರುವುದಿಲ್ಲ ಎಂದಷ್ಟೇ ಅರ್ಥ.

ಒಂದೇ ದಿನ ಬಂದರೆ? 1977ರ ಜನವರಿ 14ರ ಸಂಕ್ರಾಂತಿಗೆ ತೆಲುಗಿನಲ್ಲಿ ಎರಡು ಮಹಾಭಾರತ ಸಿನಿಮಾ ಬಂದವು. ಎನ್.ಟಿ. ರಾಮರಾವ್ ಅವರ ‘ದಾನವೀರ ಶೂರ ಕರ್ಣ’ ದೊಡ್ಡ ಯಶಸ್ಸು ಕಂಡಿತು, ಕೃಷ್ಣ, ಶೋಭನ್ ಬಾಬು, ಕೃಷ್ಣಂರಾಜು ಮೂವರೂ ಇದ್ದ ‘ಕುರುಕ್ಷೇತ್ರಂ’ ಸೋತಿತು. 2002ರ ಜೂನ್ 7ರಂದು ಹಿಂದಿಯಲ್ಲಿ ಭಗತ್ ಸಿಂಗ್ ಬಗ್ಗೆ ಎರಡು ಸಿನಿಮಾ ಒಟ್ಟಿಗೇ ಬಂದವು. ಒಂದರಲ್ಲಿ ಅಜಯ್ ದೇವಗನ್, ಇನ್ನೊಂದರಲ್ಲಿ ಬಾಬಿ ದೇವಲ್. ಅದಕ್ಕೆ ಒಂದು ವಾರ ಮೊದಲು ಸೋನು ಸೂದ್ ಭಗತ್ ಸಿಂಗ್ ಆಗಿ ಇನ್ನೊಂದು ಬಂದಿತ್ತು. ಅಜಯ್ ದೇವಗನ್ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು, ಆದರೆ ಹಣದ ಲೆಕ್ಕದಲ್ಲಿ ಜೂನ್ 7ರ ಎರಡೂ ಸೋತವು.

ಹೀಗಾಗುವುದು ಏಕೆ?

ಎಲ್ಲ ಜೋಡಿ ಸಿನಿಮಾಗಳೂ ಕಳ್ಳತನದಿಂದ ಹುಟ್ಟುವುದಿಲ್ಲ. ಮುಖ್ಯ ಕಾರಣಗಳು ಇವು.

ಒಂದು, ಮೂಲ ಎಲ್ಲರದೂ. ಕರ್ಣನ ಕಥೆಗೂ ಭಗತ್ ಸಿಂಗ್ ಅವರ ಬದುಕಿಗೂ ಯಾರೂ ಮಾಲೀಕರಲ್ಲ. ಯಾರು ಬೇಕಾದರೂ ಎತ್ತಿಕೊಳ್ಳಬಹುದು.

ಎರಡು, ಮಾರುಕಟ್ಟೆಯ ಗಾಳಿ. ಟೊಮೆಟೊಗೆ ಒಳ್ಳೆ ಬೆಲೆ ಬಂತೆಂದು ಕೋಲಾರದ ಕಡೆ ರೈತರೆಲ್ಲ ಟೊಮೆಟೊ ನೆಟ್ಟರೆ, ಬೆಳೆ ಎಲ್ಲರದೂ ಒಟ್ಟಿಗೆ ಬಂದು ಬೆಲೆ ಬೀಳುತ್ತದೆ. ಸಿನಿಮಾದವರದೂ ಇದೇ ಪಾಡು. ‘ವಿಕ್ಕಿ ಡೋನರ್’, ‘ದಮ್ ಲಗಾ ಕೇ ಹೈಶಾ’ದಂಥ ಸಾಮಾನ್ಯ ಜನರ ಮುಜುಗರದ ಕಥೆಗಳು ಗೆದ್ದ ಮೇಲೆ, ಮುಂದಿನ ಮುಜುಗರ ಯಾವುದು ಎಂದು ಹಲವರು ಹುಡುಕುತ್ತಿದ್ದರು. ಬೋಳು ತಲೆ ಒಬ್ಬರಿಗಷ್ಟೇ ಕಾಣಿಸಬೇಕು ಎಂದೇನಿಲ್ಲ.

ಮೂರು, ತಯಾರಿಕೆಗೆ ಬೇಕಾದ ಸಮಯ. ಕಥೆ, ಚಿತ್ರೀಕರಣ, ಸಂಕಲನ ಎಲ್ಲ ಸೇರಿ ಒಂದೆರಡು ವರ್ಷ ಹಿಡಿಯುತ್ತದೆ. ಎದುರಾಳಿಯ ಸುದ್ದಿ ಕಿವಿಗೆ ಬೀಳುವಾಗ ಅರ್ಧ ಬಂಡವಾಳ ಖರ್ಚಾಗಿರುತ್ತದೆ. ನಿಲ್ಲಿಸಿದರೆ ನಷ್ಟ ಖಂಡಿತ, ಮುಗಿಸಿದರೆ ಲಾಭದ ಆಸೆಯಾದರೂ ಇದೆ. ಹಾಗಾಗಿ ಯಾರೂ ನಿಲ್ಲಿಸುವುದಿಲ್ಲ.

ನಾಲ್ಕು, ನಿಜವಾದ ನಕಲು. ಅದೂ ನಡೆಯುತ್ತದೆ. ಅದನ್ನು ಗುರುತಿಸಲು ಕಾನೂನು ಬೇಕು.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಈ ಪ್ರಶ್ನೆಗೆ ಇಂದಿಗೂ ದಾರಿ ತೋರಿಸುವುದು 1978ರ ಸುಪ್ರೀಂ ಕೋರ್ಟ್ ತೀರ್ಪು. ಆರ್.ಜಿ. ಆನಂದ್ ಎಂಬ ನಾಟಕಕಾರರು ‘ಹಮ್ ಹಿಂದೂಸ್ತಾನಿ’ ಎಂಬ ನಾಟಕ ಬರೆದಿದ್ದರು. ಒಂದು ಪಂಜಾಬಿ ಮನೆ, ಒಂದು ಮದ್ರಾಸಿ ಮನೆ, ಆ ಮನೆಗಳ ಮಕ್ಕಳ ಪ್ರೀತಿ, ನಮ್ಮವರು ನಿಮ್ಮವರು ಎಂಬ ಪ್ರಾಂತ್ಯದ ಜಗಳ. ಮೋಹನ್ ಸೆಹಗಲ್ ನಾಟಕದ ಕಥೆ ಕೇಳಿಕೊಂಡರು. ಆಮೇಲೆ 1956ರಲ್ಲಿ ಅವರ ‘ನ್ಯೂ ಡೆಲ್ಲಿ’ ಸಿನಿಮಾ ಬಂತು. ಅಲ್ಲೂ ಪಂಜಾಬಿ, ಮದ್ರಾಸಿ, ಪ್ರೀತಿ. ಆನಂದ್ ದಾವೆ ಹೂಡಿದರು. ಮೂರು ಹಂತದ ನ್ಯಾಯಾಲಯಗಳಲ್ಲೂ ಸೋತರು.

ಕೋರ್ಟ್ ಹೇಳಿದ್ದರ ಸಾರ ಇದು: ಐಡಿಯಾ, ವಿಷಯ, ಕಥಾವಸ್ತು, ಇತಿಹಾಸದ ಸಂಗತಿ ಇವುಗಳ ಮೇಲೆ ಯಾರಿಗೂ ಹಕ್ಕುಸ್ವಾಮ್ಯ ಇಲ್ಲ. ಹಕ್ಕು ಇರುವುದು ಅದನ್ನು ಹೇಳಿದ ರೀತಿಯ ಮೇಲೆ, ಅಂದರೆ ಮಾತು, ಸನ್ನಿವೇಶ, ಜೋಡಣೆ. ಎರಡನ್ನೂ ನೋಡಿದ ಸಾಮಾನ್ಯ ಪ್ರೇಕ್ಷಕನಿಗೆ ಎರಡನೆಯದು ಮೊದಲನೆಯದರ ನಕಲು ಎಂದು ಸ್ಪಷ್ಟವಾಗಿ ಅನ್ನಿಸಬೇಕು, ಆಗ ಮಾತ್ರ ಅದು ಉಲ್ಲಂಘನೆ. ‘ನ್ಯೂ ಡೆಲ್ಲಿ’ಯಲ್ಲಿ ವರದಕ್ಷಿಣೆ, ಬಾಡಿಗೆ ಮನೆ ಕೊಡದ ಮಾಲೀಕರು ಮುಂತಾದ ಬೇರೆ ವಿಷಯಗಳೂ ಇದ್ದವು, ಹಾಗಾಗಿ ಅದು ಬೇರೆಯದೇ ಕೃತಿ ಎಂದು ತೀರ್ಮಾನವಾಯಿತು.

ಮೊದಲ ಸಲ ಓದಿದಾಗ ನನಗೆ ಇದು ಅನ್ಯಾಯ ಅನ್ನಿಸಿತು. ರೀಮೇಕ್ ಮಾಡಿದವರು ಹಕ್ಕು ಪಡೆದು ಮಾಡಿದರು. ಇನ್ನೊಬ್ಬರು ಅದೇ ವಿಷಯವನ್ನು ಎತ್ತಿಕೊಂಡು 100 ಕೋಟಿ ದಾಟಿದರು. ಹಾಗಾದರೆ ಹಕ್ಕು ಪಡೆದು ಪ್ರಯೋಜನ ಏನು?

ಉತ್ತರಕ್ಕೆ ನಮ್ಮ ನಾಯಂಡಹಳ್ಳಿ ಜಂಕ್ಷನ್ ಸಾಕು. ಒಬ್ಬರು ಹೆಸರಾಂತ ಬಿರಿಯಾನಿ ಹೋಟೆಲಿಗೆ ದುಡ್ಡು ಕಟ್ಟಿ, ಫ್ರಾಂಚೈಸಿ ತೆಗೆದುಕೊಂಡು ಬೋರ್ಡು ಹಾಕುತ್ತಾರೆ. ರಸ್ತೆಯ ಆಚೆ ಇನ್ನೊಬ್ಬರು ತಮ್ಮ ಮನೆಯ ಮಸಾಲೆಯಲ್ಲಿ ದಮ್ ಬಿರಿಯಾನಿ ಮಾಡಿ ಕೂರುತ್ತಾರೆ. ಮೊದಲನೆಯವರು ಕೊಂಡದ್ದು ಆ ಹೋಟೆಲಿನ ಹೆಸರನ್ನು, ಅದರ ರುಚಿಯ ಕ್ರಮವನ್ನು. ಬಿರಿಯಾನಿಯನ್ನೇ ಅವರು ಕೊಂಡಿಲ್ಲ. ಎದುರಿನವರು ಅದೇ ಬೋರ್ಡು ಹಾಕಿದರೆ ತಪ್ಪು, ಬಿರಿಯಾನಿ ಮಾಡಿದರೆ ತಪ್ಪಲ್ಲ. ರೀಮೇಕ್ ಹಕ್ಕು ಇದ್ದವರು ಮೂಲದ ದೃಶ್ಯ, ಮಾತುಗಳನ್ನು ಧೈರ್ಯವಾಗಿ ಬಳಸಬಹುದು. ಬೋಳು ತಲೆ ಎಂಬ ವಿಷಯಕ್ಕೆ ಬೇಲಿ ಹಾಕಲು ಆಗುವುದಿಲ್ಲ.

ಹಾಕಲು ಬಿಟ್ಟರೆ ಏನಾಗುತ್ತದೆ ಯೋಚಿಸಿ. ಯಾರೋ ಒಬ್ಬರು ಮೊದಲು ಬರೆದರು ಎಂಬ ಕಾರಣಕ್ಕೆ ಬಡ ಹುಡುಗನ ಪ್ರೀತಿಯನ್ನೋ ಅತ್ತೆ ಸೊಸೆಯ ಜಗಳವನ್ನೋ ಬೇರೆ ಯಾರೂ ಬರೆಯುವ ಹಾಗಿರುವುದಿಲ್ಲ. ಆಗ ದುಡ್ಡಿದ್ದವರು ವಿಷಯಗಳನ್ನೆಲ್ಲ ಸೈಟು ಕೊಂಡ ಹಾಗೆ ಕೊಂಡು ಇಡುತ್ತಿದ್ದರು. ನಮ್ಮಂಥವರಿಗೆ ಬರೆಯಲು ಏನು ಉಳಿಯುತ್ತಿತ್ತು?

ನಮ್ಮ ಕಾಲೇಜಿನಲ್ಲೂ ಇದು ನಡೆದಿದೆ

ಕಳೆದ ವರ್ಷದ ಕಿರುನಾಟಕ ಸ್ಪರ್ಧೆ ನೆನಪಿರಬೇಕು. ಎರಡು ತಂಡಗಳು ಆನ್‌ಲೈನ್ ರಮ್ಮಿ ಆಡಿ ಸಾಲ ಮಾಡಿಕೊಂಡ ಹುಡುಗನ ಕಥೆ ತಂದವು. ನಮ್ಮ ಐಡಿಯಾ ಕದ್ದರು ಎಂದು ಗ್ರೀನ್ ರೂಮಿನಲ್ಲೇ ಜಗಳ, ಆಮೇಲೆ ಎಷ್ಟೋ ದಿನ ಮಾತಿಲ್ಲ. ಈಗ ಯೋಚಿಸಿದರೆ, ಒಂದು ತಂಡದ ನಾಟಕದಲ್ಲಿ ತಾಯಿ ಬಳೆ ಗಿರವಿ ಇಟ್ಟು ಸಾಲ ತೀರಿಸುತ್ತಾಳೆ. ಇನ್ನೊಂದರಲ್ಲಿ ಮೊಬೈಲ್ ಫೋನೇ ಕಟಕಟೆಯಲ್ಲಿ ನಿಂತು ಸಾಕ್ಷಿ ಹೇಳುತ್ತದೆ. ಮೊದಲನೆಯದಕ್ಕೆ ಅತ್ತೆವು, ಎರಡನೆಯದಕ್ಕೆ ನಕ್ಕೆವು. ಸುಪ್ರೀಂ ಕೋರ್ಟಿನ ಅಳತೆಗೋಲು ಹಿಡಿದರೆ ಯಾರೂ ಯಾರದ್ದನ್ನೂ ಕದ್ದಿರಲಿಲ್ಲ. ಆ ವಿಷಯ ಎಲ್ಲರ ಬೀದಿಯಲ್ಲೂ ಇತ್ತು.

ಜಗಳ ಬೇಡ ಎಂದರೆ ಇನ್ನೊಂದು ದಾರಿಯೂ ಇದೆ. 1970ರ ದಶಕದಲ್ಲಿ ಹಾಲಿವುಡ್‌ನ ವಾರ್ನರ್ ಬ್ರದರ್ಸ್ ಮತ್ತು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿಗಳು ಎರಡು ಬೇರೆ ಬೇರೆ ಕಾದಂಬರಿಗಳ ಹಕ್ಕು ಕೊಂಡವು. ಒಂದು ‘ದಿ ಟವರ್’, ಇನ್ನೊಂದು ‘ದಿ ಗ್ಲಾಸ್ ಇನ್‌ಫರ್ನೊ’. ಎರಡರಲ್ಲೂ ಎತ್ತರದ ಕಟ್ಟಡಕ್ಕೆ ಬೆಂಕಿ ಬೀಳುತ್ತದೆ. ನಿರ್ಮಾಪಕ ಅರ್ವಿನ್ ಆಲನ್ ಎರಡೂ ಕಂಪನಿಗಳನ್ನು ಒಪ್ಪಿಸಿ ಒಂದೇ ಸಿನಿಮಾ ಮಾಡಿಸಿದರು. 1974ರಲ್ಲಿ ಬಂದ ಅದರ ಹೆಸರಲ್ಲೂ ಎರಡೂ ಕಾದಂಬರಿ ಇವೆ: ‘ದಿ ಟವರಿಂಗ್ ಇನ್‌ಫರ್ನೊ’. ಖರ್ಚು ಹಂಚಿಕೊಂಡರು, ಅಮೆರಿಕದ ವಿತರಣೆ ಒಬ್ಬರಿಗೆ, ಹೊರದೇಶದ್ದು ಇನ್ನೊಬ್ಬರಿಗೆ. ಸಿನಿಮಾ ಭಾರಿ ಗಳಿಕೆ ಮಾಡಿತು. ಜಂಟಿ ಉದ್ಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಬರೆಯುವವರಿಗೆ ಎರಡು ಮಾತು

ನಮ್ಮಲ್ಲಿ ಕಥೆ, ಕಿರುಚಿತ್ರ, ರೀಲ್ಸ್ ಮಾಡುವವರು ಬಹಳ ಜನ ಇದ್ದಾರೆ. ಐಡಿಯಾ ಯಾರಾದರೂ ಕದಿಯುತ್ತಾರೆ ಎಂಬ ಭಯದಿಂದ ಯಾರಿಗೂ ಹೇಳದೆ ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾರೆ. ಮನಸ್ಸಿನಲ್ಲಿರುವುದಕ್ಕೆ ಕಾನೂನಿನ ರಕ್ಷಣೆ ಇಲ್ಲ. ಪೂರ್ತಿ ಬರೆದಿಡಿ, ತಾರೀಖು ಹಾಕಿ, ಯಾರಿಗೆ ಯಾವಾಗ ತೋರಿಸಿದಿರಿ ಎಂದು ಗುರುತು ಇಟ್ಟುಕೊಳ್ಳಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ, ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿ ಇದ್ದರೆ ಮುಂದೆ ಸಾಕ್ಷಿಗೆ ಅನುಕೂಲ. ಸಿನಿಮಾದ ಶೀರ್ಷಿಕೆ ನೋಂದಾಯಿಸಲು ನಮ್ಮಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಇದೆ. ಹೆಸರಿನಲ್ಲೇ ವಾಣಿಜ್ಯ ಇದೆ, ಕಾಮರ್ಸ್‌ನವರು ಗಮನಿಸಿ.

ಅಮ್ಮಿಯ ಪ್ರಶ್ನೆಗೆ ನನ್ನ ಉತ್ತರ: ವಿಷಯ ಒಂದೇ, ಸಿನಿಮಾ ಎರಡು. ಮಂಗಳೂರಿನ ಜನಾರ್ದನನಿಂದ ಯಾರಾದರೂ ಬೋಳು ತಲೆಯನ್ನು ತೆಗೆದುಕೊಳ್ಳಬಹುದು. ಅವನ ಕನ್ನಡ, ಅವನ ರಾಜ್‌ಕುಮಾರ್, ಅವನ ಊರಿನ ಮಾತಿನ ಧಾಟಿ ಅವನ ಹತ್ತಿರವೇ ಉಳಿಯುತ್ತವೆ. ಮುಂದಿನ ಸಂಚಿಕೆಗೆ ಯಾರಾದರೂ ಇದೇ ವಿಷಯದ ಮೇಲೆ ಇನ್ನೊಂದು ಲೇಖನ ತಂದರೆ ಸಂಪಾದಕರು ದಯವಿಟ್ಟು ಹಾಕಿಕೊಳ್ಳಲಿ, ನನ್ನ ಆಕ್ಷೇಪ ಇಲ್ಲ. ಬಿರಿಯಾನಿಯ ಉದಾಹರಣೆ ಮಾತ್ರ ನನ್ನದು.