ಐಪಿಎಲ್ ಪಂದ್ಯಗಳ ಸ್ಥಳಾಂತರ

ಇಂಡಿಯನ್ ಪ್ರೀಮಿಯರ್ ಲೀಗ್ (ಐಪಿಎಲ್) ಕ್ರಿಕೆಟ್ ಪಂದ್ಯಾವಳಿಯ ಪಂದ್ಯಗಳನ್ನು ಚುನಾವಣೆ, ಭದ್ರತೆ, ಬರ, ಪ್ರತಿಭಟನೆ, ಸಾಂಕ್ರಾಮಿಕ ರೋಗ ಮುಂತಾದ ಕಾರಣಗಳಿಂದ ನಿಗದಿತ ಊರಿನಿಂದ ಬೇರೆಡೆಗೆ ವರ್ಗಾಯಿಸಿದ ನಿದರ್ಶನಗಳು ಹಲವು. 2008ರಲ್ಲಿ ಆರಂಭವಾದ ಈ ಪಂದ್ಯಾವಳಿಯು ಎರಡನೆಯ ವರ್ಷದಲ್ಲಿಯೇ ದೇಶವನ್ನು ಬಿಟ್ಟು ಹೋಗಬೇಕಾಯಿತು.

ಆರ್ಥಿಕ ಹಿನ್ನೆಲೆ

ಪ್ರತಿ ತಂಡಕ್ಕೂ ಒಂದು ತವರು ಮೈದಾನವಿದ್ದು, ಅಲ್ಲಿನ ಟಿಕೆಟ್ ಮಾರಾಟದ ಹಣ ಆ ತಂಡಕ್ಕೆ ಸೇರುತ್ತದೆ. ಆದರೆ ಆದಾಯದ ದೊಡ್ಡ ಪಾಲು ಬರುವುದು ಪ್ರಸಾರ ಹಕ್ಕುಗಳಿಂದ. 2023ರಿಂದ 2027ರವರೆಗಿನ ಹಕ್ಕುಗಳು ₹48,390 ಕೋಟಿಗೆ ಮಾರಾಟವಾದವು. ಈ ಹಣದಲ್ಲಿ ತಂಡಗಳಿಗೂ ಪಾಲಿದೆ. ಹೀಗಾಗಿ ಪಂದ್ಯ ರದ್ದಾದರೆ ಆಗುವ ನಷ್ಟಕ್ಕೆ ಹೋಲಿಸಿದರೆ ಸ್ಥಳ ಬದಲಾವಣೆಯ ನಷ್ಟ ಅಲ್ಪ. ಆ ನಷ್ಟವೂ ಬಹುಮಟ್ಟಿಗೆ ಸ್ಥಳೀಯರದು: ಟಿಕೆಟ್ ಕೊಂಡ ಪ್ರೇಕ್ಷಕರದು, ಮೈದಾನದ ಹೊರಗೆ ಜೆರ್ಸಿ, ಬಾವುಟ, ತಿಂಡಿ ಮಾರುವವರದು.

ಚುನಾವಣೆಗಳು

2009ರಲ್ಲಿ ಲೋಕಸಭಾ ಚುನಾವಣೆ ಹಾಗೂ ಐಪಿಎಲ್ ಒಂದೇ ಅವಧಿಯಲ್ಲಿ ಬಂದವು. ಮುಂಬಯಿ ಭಯೋತ್ಪಾದಕ ದಾಳಿ ನಡೆದು ಆರು ತಿಂಗಳೂ ಕಳೆದಿರಲಿಲ್ಲ. ಎರಡಕ್ಕೂ ಏಕಕಾಲದಲ್ಲಿ ಭದ್ರತೆ ನೀಡುವುದು ಕಷ್ಟವೆಂಬುದು ಕೇಂದ್ರ ಗೃಹ ಸಚಿವಾಲಯದ ನಿಲುವಾಗಿತ್ತು. ಆರಂಭಕ್ಕೆ ಒಂದು ತಿಂಗಳೂ ಇಲ್ಲದಿದ್ದಾಗ ಇಡೀ ಪಂದ್ಯಾವಳಿಯನ್ನು ದಕ್ಷಿಣ ಆಫ್ರಿಕಕ್ಕೆ ಒಯ್ಯಲಾಯಿತು. ಜೊಹಾನ್ಸ್‌ಬರ್ಗ್‌ನ ಅಂತಿಮ ಪಂದ್ಯದಲ್ಲಿ ಡೆಕ್ಕನ್ ಚಾರ್ಜರ್ಸ್ ತಂಡವು ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವನ್ನು 6 ರನ್‌ಗಳಿಂದ ಸೋಲಿಸಿತು. 2014ರಲ್ಲಿ ಮೊದಲ 20 ಪಂದ್ಯಗಳು ಮಾತ್ರ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಡೆದವು. 2019 ಮತ್ತು 2024ರ ಚುನಾವಣೆಗಳ ವೇಳೆ ಪಂದ್ಯಾವಳಿ ಭಾರತದಲ್ಲಿಯೇ ಉಳಿಯಿತು.

ಬರ ಮತ್ತು ನ್ಯಾಯಾಲಯದ ಆದೇಶ

2016ರ ಪ್ರಕರಣ ಉಳಿದವುಗಳಿಗಿಂತ ಭಿನ್ನವಾದುದು. ಇಲ್ಲಿ ಪ್ರಶ್ನೆಯಿದ್ದದ್ದು ಆಟಗಾರರ ಸುರಕ್ಷತೆಯದಲ್ಲ, ನೀರಿನದು. ಮರಾಠವಾಡಾದಲ್ಲಿ ತೀವ್ರ ಬರವಿದ್ದು, ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಸಾಗಿಸಲಾಗುತ್ತಿತ್ತು. ಇಂತಹ ಸಮಯದಲ್ಲಿ ಪಿಚ್ ಮತ್ತು ಹುಲ್ಲುಹಾಸಿಗೆ ನೀರು ಬಳಸುವುದನ್ನು ಪ್ರಶ್ನಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟ್, ಏಪ್ರಿಲ್ 30ರ ನಂತರದ ಪಂದ್ಯಗಳನ್ನು ಮಹಾರಾಷ್ಟ್ರದಿಂದ ಹೊರಗೆ ನಡೆಸುವಂತೆ ಆದೇಶಿಸಿತು. ಪಂದ್ಯಗಳನ್ನು ಹೊರಗೆ ಕಳುಹಿಸಿದ ಮಾತ್ರಕ್ಕೆ ಲಾತೂರಿಗೆ ನೀರು ಬರುವುದಿಲ್ಲವೆಂಬ ಆಕ್ಷೇಪ ಕೇಳಿಬಂತು. ಅದು ನಿಜವೂ ಹೌದು. ಆದರೂ ಕೊರತೆಯ ಕಾಲದಲ್ಲಿ ನೀರಿನ ಮೇಲೆ ಮೊದಲ ಹಕ್ಕು ಯಾರದೆಂಬ ಪ್ರಶ್ನೆಯನ್ನು ಈ ಪ್ರಕರಣವು ಕ್ರಿಕೆಟ್ ಆಡಳಿತದ ಮುಂದಿಟ್ಟಿತು. ಮುಂಬಯಿಯಲ್ಲಿ ನಿಗದಿಯಾಗಿದ್ದ ಅಂತಿಮ ಪಂದ್ಯ ಬೆಂಗಳೂರಿಗೆ ಬಂತು. ತವರಿನಲ್ಲಿ ಆಡುವ ಅವಕಾಶ ಹೀಗೆ ಅನಿರೀಕ್ಷಿತವಾಗಿ ದೊರೆತರೂ ರಾಯಲ್ ಚಾಲೆಂಜರ್ಸ್ ತಂಡವು ಸನ್‌ರೈಸರ್ಸ್ ಹೈದರಾಬಾದ್ ಎದುರು 8 ರನ್‌ಗಳಿಂದ ಸೋತಿತು.

ಕಾವೇರಿ ವಿವಾದ

ಕಾವೇರಿ ನೀರು ಹಂಚಿಕೆ ಕುರಿತು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಪು ನೀಡಿತು. ತೀರ್ಪಿನ ಅನುಷ್ಠಾನಕ್ಕೆ ವ್ಯವಸ್ಥೆ ರೂಪಿಸಲು ಕೇಂದ್ರ ತಡಮಾಡುತ್ತಿದೆಯೆಂದು ತಮಿಳುನಾಡಿನಲ್ಲಿ ಪ್ರತಿಭಟನೆಗಳು ನಡೆದವು. ಎರಡು ವರ್ಷಗಳ ಅಮಾನತು ಮುಗಿಸಿ ಮರಳಿದ್ದ ಚೆನ್ನೈ ಸೂಪರ್ ಕಿಂಗ್ಸ್ ತಂಡವು ಚೆಪಾಕ್‌ನಲ್ಲಿ ಒಂದೇ ಪಂದ್ಯವನ್ನಾಡಿತು. ಅಂದು ಮೈದಾನದೊಳಕ್ಕೆ ಪಾದರಕ್ಷೆಗಳನ್ನು ಎಸೆಯಲಾಯಿತು. ಉಳಿದ ತವರು ಪಂದ್ಯಗಳು ಪುಣೆಗೆ ಹೋದವು. ಅಭಿಮಾನಿಗಳನ್ನು ಅಲ್ಲಿಗೆ ಕರೆದೊಯ್ಯಲು ತಂಡದ ಆಡಳಿತವು ವಿಶೇಷ ರೈಲನ್ನು ಏರ್ಪಡಿಸಿತು. ಆ ವರ್ಷದ ಪ್ರಶಸ್ತಿಯನ್ನು ಚೆನ್ನೈ ಗೆದ್ದುಕೊಂಡಿತು.

ಇತರ ಸಂದರ್ಭಗಳು

2010ರ ಏಪ್ರಿಲ್ 17ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಬಾಂಬ್ ಸ್ಫೋಟಿಸಿತು. ಅಂದಿನ ಪಂದ್ಯ ತಡವಾಗಿ ನಡೆಯಿತಾದರೂ ಅಲ್ಲಿ ನಡೆಯಬೇಕಿದ್ದ ಎರಡು ಸೆಮಿಫೈನಲ್‌ಗಳನ್ನು ನವಿ ಮುಂಬಯಿಗೆ ವರ್ಗಾಯಿಸಲಾಯಿತು. ಕೋವಿಡ್ ಕಾರಣದಿಂದ 2020ರ ಇಡೀ ಪಂದ್ಯಾವಳಿ ಮತ್ತು 2021ರ ಉತ್ತರಾರ್ಧ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಡೆದವು.

ಭಾರತ–ಪಾಕಿಸ್ತಾನ ಸೇನಾ ಸಂಘರ್ಷದ ನಡುವೆ 2025ರ ಮೇ 8ರಂದು ಧರ್ಮಶಾಲಾದ ಪಂದ್ಯವನ್ನು ಅರ್ಧದಲ್ಲೇ ನಿಲ್ಲಿಸಲಾಯಿತು. ಮರುದಿನ ಸ್ಥಗಿತಗೊಂಡ ಪಂದ್ಯಾವಳಿಯು ಮೇ 17ರಂದು ಕಡಿಮೆ ಊರುಗಳಲ್ಲಿ ಪುನರಾರಂಭವಾಯಿತು. ಕೋಲ್ಕತ್ತದಲ್ಲಿ ನಿಗದಿಯಾಗಿದ್ದ ಅಂತಿಮ ಪಂದ್ಯ ಅಹಮದಾಬಾದಿಗೆ ಹೋಯಿತು. ಮಳೆಯ ಸಾಧ್ಯತೆಯನ್ನು ಇದಕ್ಕೆ ಕಾರಣವಾಗಿ ನೀಡಲಾಯಿತು. ಜೂನ್ 3ರಂದು ಅಲ್ಲಿ ರಾಯಲ್ ಚಾಲೆಂಜರ್ಸ್ ತಂಡವು ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು. ಮರುದಿನ ಬೆಂಗಳೂರಿನಲ್ಲಿ ವಿಜಯೋತ್ಸವಕ್ಕಾಗಿ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಸೇರಿದ್ದ ಜನಸಂದಣಿಯಲ್ಲಿ ಕಾಲ್ತುಳಿತ ಉಂಟಾಗಿ 11 ಮಂದಿ ಮೃತಪಟ್ಟರು. ಅದೇ ವರ್ಷ ಮಹಿಳೆಯರ ಏಕದಿನ ವಿಶ್ವಕಪ್‌ನ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬಯಿಗೆ ವರ್ಗಾವಣೆಯಾದವು.