ತೊಂಬತ್ತರ ಸ್ನಾಯುವೂ ಮಾತು ಕೇಳುತ್ತದೆ

ಇದನ್ನು ಓದುವ ಮೊದಲು ಒಂದು ಕೆಲಸ ಮಾಡಿ. ಕೈಯಿಲ್ಲದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ಳಿ. ಪಾದಗಳು ಮಂಡಿಗಿಂತ ಸ್ವಲ್ಪ ಮುಂದಿರಲಿ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಿ. ಈಗ ಒಂಚೂರೂ ಮುಂದೆ ಬಾಗದೆ ಏಳಿ ನೋಡೋಣ.

ಆಗಲಿಲ್ಲ ಅಲ್ವಾ? ನಿಮ್ಮ ಶಾಲೆಯ ಕಬಡ್ಡಿ ಕ್ಯಾಪ್ಟನ್‌ಗೂ ಆಗುವುದಿಲ್ಲ. ಕೂತಾಗ ದೇಹದ ಗುರುತ್ವಕೇಂದ್ರ ಕುರ್ಚಿಯ ಮೇಲೆ ಇರುತ್ತದೆ. ಏಳಬೇಕಾದರೆ ಅದು ಪಾದಗಳ ಮೇಲಕ್ಕೆ ಬರಬೇಕು. ಪಾದವನ್ನು ಹಿಂದಕ್ಕೆ ಎಳೆದು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಬಾಗಿದರೆ ಸಲೀಸಾಗಿ ಏಳಬಹುದು. ನಾವು ದಿನಕ್ಕೆ ಎಷ್ಟೋ ಸಲ ಇದನ್ನು ಗೊತ್ತಿಲ್ಲದೆಯೇ ಮಾಡುತ್ತೇವೆ.

ಈಗ ಜಗಲಿಯಲ್ಲಿ ಕೂತ ಅಜ್ಜಿಯನ್ನು ಯೋಚಿಸಿ. ಅವರಿಗೆ ಕುರ್ಚಿಯಿಂದ ಏಳಲಿಕ್ಕೆ ಆಗುವುದಿಲ್ಲ. ಎಂತಕ್ಕೆ? ಮುಂದೆ ಬಿದ್ದುಬಿಟ್ಟೇನು ಎಂಬ ಹೆದರಿಕೆಯಿಂದ ಬಾಗುತ್ತಿಲ್ಲವೋ? ಮಂಡಿ ಸಾಕಷ್ಟು ಮಡಚದೆ ಪಾದ ಹಿಂದಕ್ಕೆ ಬರುತ್ತಿಲ್ಲವೋ? ಅಥವಾ ತೊಡೆಯ ಸ್ನಾಯುವಿನಲ್ಲೇ ಬಲ ಇಲ್ಲವೋ? ದೂರದಿಂದ ಮೂರೂ ಒಂದೇ ರೀತಿ ಕಾಣುತ್ತವೆ, ಆದರೆ ಮೂರಕ್ಕೂ ಬೇರೆ ಬೇರೆ ಚಿಕಿತ್ಸೆ. ಎಲ್ಲಿ ತಪ್ಪುತ್ತಿದೆ ಎಂದು ನೋಡಿ ಹಿಡಿಯುವುದು ಫಿಸಿಯೋಥೆರಪಿಸ್ಟ್‌ನ ಕೆಲಸ. ಹಿರಿಯರನ್ನು ನೋಡಿಕೊಳ್ಳುವ ಫಿಸಿಯೋಥೆರಪಿಸ್ಟ್‌ಗೆ ಇದಕ್ಕೇ ವಿಶೇಷ ತರಬೇತಿ ಬೇಕು.

2011ರ ಜನಗಣತಿಯಲ್ಲಿ ಭಾರತದ ಜನರಲ್ಲಿ 60 ದಾಟಿದವರು ಶೇ. 8.6 ಇದ್ದರೆ ನಮ್ಮ ಕೇರಳದಲ್ಲಿ ಶೇ. 12.6 ಇದ್ದರು. ನಿಮ್ಮ ಬೀದಿಯ ಮನೆಗಳನ್ನು ಎಣಿಸಿದರೆ ನಿಮಗೇ ಗೊತ್ತಾಗುತ್ತದೆ: ಮಕ್ಕಳು ಮಂಗಳೂರಲ್ಲೋ ಗಲ್ಫಲ್ಲೋ, ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ.

"ಈ ಪ್ರಾಯದಲ್ಲಿ ಇನ್ನೆಂತ ವ್ಯಾಯಾಮ, ಸುಮ್ಮನೆ ಮಲಗಿ" ಎಂದು ನಾವು ಪ್ರೀತಿಯಿಂದಲೇ ಹೇಳುತ್ತೇವೆ. ಈ ಪ್ರೀತಿ ಎಷ್ಟು ದುಬಾರಿ ಅಂತ ಗೊತ್ತುಂಟಾ? 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸರಾಸರಿ 67 ವರ್ಷದ, ಆರೋಗ್ಯವಾಗಿಯೇ ಇದ್ದ 12 ಜನರನ್ನು ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿದರು. ಕಾಯಿಲೆ ಇಲ್ಲ, ಊಟ ಸರಿಯಾಗಿಯೇ ಇತ್ತು. ಆದರೂ ಕಾಲುಗಳಿಂದ ಹೆಚ್ಚುಕಡಿಮೆ ಒಂದು ಕಿಲೋ ಸ್ನಾಯುಭಾಗ ಕರಗಿಹೋಗಿತ್ತು. ಹತ್ತೇ ದಿನ! ಜ್ವರ ಬಂದು ಆಸ್ಪತ್ರೆ ಸೇರಿದ ಅಜ್ಜ ಜ್ವರ ವಾಸಿಯಾಗಿ ಬಂದ ಮೇಲೂ ನಡೆಯಲಾರದೆ ಹೋಗುವುದು ಏಕೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲಿದೆ. ಪ್ರಾಯದ ಜೊತೆ ಸ್ನಾಯು ಕರಗುವುದಕ್ಕೆ ಸಾರ್ಕೋಪೀನಿಯ ಎಂಬ ಹೆಸರಿದೆ.

ಇನ್ನರ್ಧ ಕತೆ ಸಂತೋಷದ್ದು. 1990ರಲ್ಲಿ ಬೋಸ್ಟನ್‌ನ ವೈದ್ಯೆ ಮರಿಯಾ ಫಿಯಾತರೋನೆ ಮತ್ತು ಜೊತೆಗಾರರು ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಸರಾಸರಿ 90 ವರ್ಷದ ಹತ್ತು ಜನರನ್ನು ಆರಿಸಿ, ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಸಣ್ಣ ಭಾರವಲ್ಲ, ಒಬ್ಬೊಬ್ಬರು ಒಂದೇ ಸಲ ಎತ್ತಬಲ್ಲ ಗರಿಷ್ಠ ಭಾರದ ಶೇ. 80. ಒಂಬತ್ತು ಜನ ಪೂರ್ತಿ ಮುಗಿಸಿದರು. ಅವರ ಕಾಲಿನ ಬಲ ಸರಾಸರಿ ಶೇ. 174 ಏರಿತು, ಅಂದರೆ 10 ಕಿಲೋ ಎತ್ತುತ್ತಿದ್ದವರು 27 ಕಿಲೋ ಎತ್ತಿದ ಲೆಕ್ಕ. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ, ತೋಡಿನ ಮೇಲಿನ ಅಡಿಕೆ ಮರದ ಸಂಕ ದಾಟುವಂತೆ ನಡೆಯುತ್ತೇವಲ್ಲ, ಆ ನಡಿಗೆಯ ವೇಗ ಶೇ. 48 ಹೆಚ್ಚಿತು.

ಇದರಲ್ಲೊಂದು ಒಗಟು ಇದೆ. ತೊಡೆಯ ಸ್ನಾಯುವಿನ ಗಾತ್ರ ಬೆಳೆದದ್ದು ಬರೇ ಶೇ. 9. ಹಾಗಾದರೆ ಅಷ್ಟು ಬಲ ಎಲ್ಲಿಂದ ಬಂತು? ಬಹುಪಾಲು ನರಮಂಡಲದಿಂದ. ಸ್ನಾಯುವಿನ ಎಳೆಗಳಲ್ಲಿ ಕೆಲವನ್ನು ಮಾತ್ರ ಕೆಲಸಕ್ಕೆ ಕರೆಯುತ್ತಿದ್ದ ನರಗಳು ಅಭ್ಯಾಸದಿಂದ ಹೆಚ್ಚು ಎಳೆಗಳನ್ನು ಒಟ್ಟಿಗೆ ಕರೆಯಲು ಕಲಿತವು. ತೊಂಬತ್ತರಲ್ಲೂ ಕಲಿಕೆ ನಡೆಯುತ್ತದೆ, ಮಾರಾಯ್ರೆ!

ಹಾಗಾಗಿ ಈ ತರಬೇತಿಯಲ್ಲಿ ಕಷ್ಟದ ಪಾಠ ಎಂದರೆ, ನನ್ನ ದೃಷ್ಟಿಯಲ್ಲಿ, ಹೆದರಿಕೆ ಬಿಡುವುದು. ಕೂದಲು ಬೆಳ್ಳಗಾದವರಿಗೆಲ್ಲ ಕೈಕಾಲು ಆಡಿಸುವ ಹಗುರ ವ್ಯಾಯಾಮ ಕೊಟ್ಟು ಕಳಿಸಿದರೆ ಯಾರಿಗೂ ನೋವಾಗದು, ಯಾರಿಗೂ ಗುಣವೂ ಆಗದು. ಹಾಗೆಂದು ಕಣ್ಣುಮುಚ್ಚಿ ಭಾರ ಹೊರಿಸಲಿಕ್ಕೂ ಇಲ್ಲ. ಮಲಗಿದ್ದವರು ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ರಕ್ತದೊತ್ತಡ 20 ಮಿಲಿಮೀಟರ್ ಪಾದರಸಕ್ಕಿಂತ ಹೆಚ್ಚು ಇಳಿದರೆ ತಲೆ ಸುತ್ತಿ ಬೀಳಬಹುದು. ಆದ್ದರಿಂದ ಮಲಗಿದಾಗಲೂ ನಿಂತಾಗಲೂ ಅಳೆಯಬೇಕು. ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಮೂಳೆ ಟೊಳ್ಳಾಗಿದೆಯೋ, ಕಣ್ಣಿನ ಪೊರೆ ಇದೆಯೋ ಎಂದೆಲ್ಲ ಕೇಳಬೇಕು.

ಸಮತೋಲನದ ಪಾಠವೂ ದೊಡ್ಡದು. ಒಂದು ಕಾಲಲ್ಲಿ ನಿಲ್ಲಿ. ಈಗ ಕಣ್ಣು ಮುಚ್ಚಿ (ಹತ್ತಿರ ಗೋಡೆ ಇರಲಿ). ವಾಲಿದಿರಿ! ನಮ್ಮನ್ನು ನಿಲ್ಲಿಸುವುದು ಕಣ್ಣು, ಒಳಕಿವಿ, ಪಾದ-ಕೀಲುಗಳ ಸ್ಪರ್ಶಜ್ಞಾನ ಮೂರೂ ಸೇರಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದ ಅಜ್ಜ ಹಗಲು ಕಣ್ಣಿನ ಬಲದಲ್ಲಿ ಚೆನ್ನಾಗಿಯೇ ನಡೆಯುತ್ತಾರೆ. ರಾತ್ರಿ ಕರೆಂಟು ಹೋದಾಗ ಬಚ್ಚಲಿಗೆ ಹೊರಟರೆ ಬೀಳುತ್ತಾರೆ. ಮನೆಯ ಹೊಸ್ತಿಲು, ಮಳೆಗಾಲದ ಅಂಗಳದ ಪಾಚಿ, ಬಚ್ಚಲಿನ ದಾರಿ ಇವನ್ನು ಆಸ್ಪತ್ರೆಯಲ್ಲಿ ಕೂತು ನೋಡಲಿಕ್ಕಾಗದು, ಮನೆಗೇ ಹೋಗಬೇಕು. ನ್ಯೂಜಿಲೆಂಡಿನ ಒಟಾಗೊದಲ್ಲಿ ರೂಪಿಸಿದ ಕಾರ್ಯಕ್ರಮದಲ್ಲಿ ಹಿರಿಯರ ಮನೆಗೇ ಹೋಗಿ ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮ ಕಲಿಸಿದರು. ಅವರು ಬೀಳುವುದು ಸುಮಾರು ಶೇ. 35 ಕಡಿಮೆಯಾಯಿತು.

ಕೆಲವು ದೇಶಗಳಲ್ಲಿ ವಿದ್ಯಾರ್ಥಿಗಳಿಗೆ "ಮುಪ್ಪಿನ ಅಂಗಿ" ತೊಡಿಸುತ್ತಾರೆ. ಅಮೆರಿಕದ ಎಂಐಟಿಯಲ್ಲಿ ಅಂಥ ಒಂದು ಉಡುಪಿಗೆ ಆಗ್ನೆಸ್ ಎಂದು ಹೆಸರು. ಮಸುಕು ಕನ್ನಡಕ, ಕೀಲು ಬಿಗಿಯುವ ಪಟ್ಟಿ, ದಪ್ಪ ಕೈಗವಸು. ನೀವೂ ಹಳೆಯ ಕನ್ನಡಕಕ್ಕೆ ತೆಳು ಪ್ಲಾಸ್ಟಿಕ್ ಅಂಟಿಸಿ, ಕೈಗೆ ಕಾಲುಚೀಲ ಹಾಕಿ, ಅಂಗಿಯ ಗುಂಡಿ ಹಾಕಲು ಪ್ರಯತ್ನಿಸಿ. ಆದರೆ ಇದೊಂದನ್ನೇ ನೆಚ್ಚುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಹುಡುಗರಿಗೆ ಒಂದೇ ನಿಮಿಷದಲ್ಲಿ ಮುಪ್ಪು ಬಂದಂತಾಗಿ "ಪಾಪ" ಎನ್ನಿಸುತ್ತದೆ. ಅಜ್ಜಿ ಆ ಕಣ್ಣು, ಆ ಕೈಯ ಜೊತೆ ಹೊಂದಿಕೊಂಡು ವೀಳ್ಯದೆಲೆಗೆ ಸುಣ್ಣ ಹಚ್ಚಿ ಮಡಚುತ್ತಾರಲ್ಲ, ಆ ಜಾಣತನ ಅಂಗಿಯಲ್ಲಿ ಸಿಗುವುದಿಲ್ಲ.

ಭಾಷೆಯೂ ತರಬೇತಿಯ ಭಾಗವೇ. "ಮುಂದೆ ಬಾಗಿ, ಈಗ ಏಳಿ" ಎಂಬುದು ಮಲಯಾಳದಲ್ಲಿ ಬಂದು, ತುಳುವಿನಲ್ಲೋ ಕನ್ನಡದಲ್ಲೋ ಬದುಕಿದ ಅಜ್ಜಿ ಸುಮ್ಮನೆ ತಲೆಯಾಡಿಸಿದರೆ, ವ್ಯಾಯಾಮ ಮನೆಗೆ ಹೋದ ಮೇಲೆ ನಡೆಯುವುದೇ ಇಲ್ಲ. ಮೂರು ಭಾಷೆ ಬರುವ ನಮ್ಮ ಗಡಿನಾಡಿನ ಮಕ್ಕಳಿಗೆ ಇಲ್ಲಿ ಜಾಗ ಉಂಟು.

ಮನೆಯಲ್ಲಿ ಒಂದು ಪರೀಕ್ಷೆ ಮಾಡಬಹುದು. ಕುರ್ಚಿಯನ್ನು ಗೋಡೆಗೆ ಒರಗಿಸಿ, ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತಿರಲಿ. ಕೈಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಂದು ಎಣಿಸಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರ 70ರಿಂದ 74ರ ಹೆಂಗಸರು 10ಕ್ಕಿಂತ, ಗಂಡಸರು 12ಕ್ಕಿಂತ ಕಡಿಮೆ ಸಲ ಎದ್ದರೆ ಬೀಳುವ ಅಪಾಯ ಇದೆ ಎಂದು ಲೆಕ್ಕ. ಹೃದಯದ ಕಾಯಿಲೆ ಇರುವವರಿಗೆ, ಹೊಸದಾಗಿ ಆಪರೇಷನ್ ಆದವರಿಗೆ ಮಾಡಿಸಲೇಬೇಡಿ. ಎಣಿಕೆ ಕಡಿಮೆ ಬಂದರೆ ಡಾಕ್ಟರಿಗೆ ತಿಳಿಸಿ.

"ಟೀಚರ್, ಇದನ್ನು ಓದಲು ಎಂತ ಮಾಡಬೇಕು?" ಎನ್ನುವವರಿಗೆ: ಪ್ಲಸ್ ಟುವಿನಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಬೇಕು. ಆಮೇಲೆ ಬಿಪಿಟಿ, ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆಯಿಂದ ಐದು ವರ್ಷ. ಮಂಗಳೂರು, ಮಣಿಪಾಲ ನಮಗೆ ಹತ್ತಿರ. 2021ರ ಕಾಯ್ದೆಯ ನಂತರ ಈ ಕೋರ್ಸುಗಳು ರಾಷ್ಟ್ರೀಯ ಆಯೋಗವೊಂದರ ಕೆಳಗೆ ಬಂದಿವೆ, ಪ್ರವೇಶದ ನಿಯಮ ಬದಲಾಗುತ್ತಿರುತ್ತದೆ. ಅರ್ಜಿ ಹಾಕುವ ವರ್ಷ ವಿಚಾರಿಸಿಯೇ ಹಾಕಿ. ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ, ಮೊದಲ ವರ್ಷದ ಅಂಗರಚನಾಶಾಸ್ತ್ರ ಸ್ವಲ್ಪ ಬೆವರಿಳಿಸುತ್ತದೆ. ಮೂಳೆ, ಸ್ನಾಯುಗಳ ಹೆಸರನ್ನು ಎರಡೂ ಭಾಷೆಯಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಒಂಬತ್ತನೇ ತರಗತಿಯಲ್ಲೇ ಶುರು ಮಾಡಬಹುದು.